ನೀಲಿ ಮೊಟ್ಟೆಯ ಕೋಳಿ: ಕರಾವಳಿಯಲ್ಲಿ ತಳಿ ಕಟ್ಟುವ ಬಗೆ

ನೀಲಿ ಮೊಟ್ಟೆ ಇಡುವ ಕೋಳಿ ಬೇಕು ಅಂತ ಹೊರಟವರು ಸಾಮಾನ್ಯವಾಗಿ ಹೇಂಟೆಯನ್ನು ನೋಡಿ ಆರಿಸುತ್ತಾರೆ. ಅದೇನೋ ಸುಲಭ. ಮೊಟ್ಟೆ ಕೈಯಲ್ಲೇ ಇರುತ್ತದೆ, ಬಣ್ಣ ಕಣ್ಣಿಗೇ ಕಾಣುತ್ತದೆ. ಕಷ್ಟ ಇರುವುದು ಹುಂಜದಲ್ಲಿ. ಹುಂಜ ಮೊಟ್ಟೆ ಇಡುವುದಿಲ್ಲ, ಆದರೂ ಮುಂದಿನ ತಲೆಮಾರಿನ ಬಣ್ಣದಲ್ಲಿ ಅರ್ಧ ಪಾಲು ಅದರದ್ದು. "ತಂದಾಗ ನೀಲಿ ಇಡುತ್ತಿತ್ತು, ಮೂರು ವರ್ಷದಲ್ಲಿ ಎಲ್ಲ ಊರ ಕೋಳಿ ಮೊಟ್ಟೆಯ ಹಾಗೆಯೇ ಆಯಿತು" ಅನ್ನುವವರ ಗೂಡಿನಲ್ಲಿ ಕೈಕೊಟ್ಟದ್ದು ಬಹುಪಾಲು ಹುಂಜವೇ.

ಹಾಗಾಗಿ ಇಲ್ಲಿ ಹುಂಜದ ಲೆಕ್ಕಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಉಳಿದದ್ದು ಮಂಗಳೂರು, ಉಡುಪಿ ಕಡೆಯ ಮಳೆ ಮತ್ತು ಸೆಕೆಗೆ ಹೊಂದುವ ಹಾಗೆ ಗೂಡು, ಕಾವು, ಮರಿ, ಲಸಿಕೆ, ಆಹಾರ.

ಬಣ್ಣ ಬರುವುದು ಎಲ್ಲಿಂದ

ಕೋಳಿ ಮೊಟ್ಟೆಯ ಚಿಪ್ಪಿಗೆ ಬಣ್ಣ ಕೊಡುವ ಮುಖ್ಯ ವಸ್ತುಗಳು ಎರಡು. ಕಂದು ಬಣ್ಣಕ್ಕೆ ಪ್ರೋಟೋಪಾರ್ಫಿರಿನ್, ನೀಲಿಗೆ ಬಿಲಿವರ್ಡಿನ್. ಕಂದು ಬಣ್ಣ ಹೆಚ್ಚಾಗಿ ಕೊನೆಯ ಹೊತ್ತಿಗೆ ಚಿಪ್ಪಿನ ಹೊರಮೈಗೆ ಕೂರುತ್ತದೆ. ನೀಲಿ ಹಾಗಲ್ಲ, ಚಿಪ್ಪು ಕಟ್ಟುವಾಗಲೇ ಅದರ ದಪ್ಪಕ್ಕೆಲ್ಲ ಸೇರುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಒಡೆದ ಮೊಟ್ಟೆಯ ಚಿಪ್ಪು ತೆಗೆದುಕೊಳ್ಳಿ. ಒಳಗಿನ ತೆಳು ಪೊರೆಯನ್ನು ಉಗುರಿನಿಂದ ಎಬ್ಬಿಸಿ ಎಳೆಯಿರಿ, ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಸಲೀಸಾಗಿ ಬರುತ್ತದೆ. ಕಂದು ಮೊಟ್ಟೆಯಾದರೆ ಒಳಮೈ ಬಿಳಿ. ನೀಲಿ ಮೊಟ್ಟೆಯಾದರೆ ಒಳಗೂ ನೀಲಿ. ಹಸಿರು ಮೊಟ್ಟೆಯ ಒಳಮೈ ಕೂಡ ನೀಲಿಯೇ ಇರುತ್ತದೆ, ಏಕೆಂದರೆ ಹಸಿರು ಅಂತ ಬೇರೆ ಬಣ್ಣ ಇಲ್ಲ. ನೀಲಿ ಚಿಪ್ಪಿನ ಮೇಲೆ ಕಂದು ಬಳಿದಾಗ ನಮ್ಮ ಕಣ್ಣಿಗೆ ಹಸಿರು ಕಾಣುತ್ತದೆ, ಅಷ್ಟೆ. ಈ ಪೊರೆ ಎಬ್ಬಿಸುವ ಪರೀಕ್ಷೆಯನ್ನು ನೆನಪಿಟ್ಟುಕೊಳ್ಳಿ. ಕೊಳ್ಳುವಾಗಲೂ ಬೇಕು, ಮಾರುವಾಗಲೂ ಬೇಕು. "ಅಕ್ಕಾ, ಇದಕ್ಕೆ ಪೇಂಟ್ ಹಚ್ಚಿದ್ದಾ?" ಅಂತ ಕೇಳದ ಗಿರಾಕಿ ಇಲ್ಲ.

ನೀಲಿ ಮೊಟ್ಟೆಯ ಹೆಸರುವಾಸಿ ತಳಿ ಅರಾಕಾನಾ. ದಕ್ಷಿಣ ಅಮೆರಿಕದ ಚಿಲಿ ದೇಶದ ಮಪೂಚೆ ಜನರ ಕೋಳಿ ಅದು. ಸ್ಪೇನಿನ ಸಾಲ್ವಡೋರ್ ಕಾಸ್ಟೆಲ್ಲೋ 1921ರಲ್ಲಿ ಹೇಗ್ ನಗರದಲ್ಲಿ ನಡೆದ ಮೊದಲ ವಿಶ್ವ ಕುಕ್ಕುಟ ಸಮ್ಮೇಳನದಲ್ಲಿ ಇದರ ವಿಷಯ ಮಂಡಿಸಿದ ಮೇಲೆ ಜಗತ್ತಿನ ಕಣ್ಣು ಇತ್ತ ಬಿತ್ತು. 1933ರಲ್ಲಿ ಕೇಂಬ್ರಿಜ್‌ನ ತಳಿವಿಜ್ಞಾನಿ ಪನ್ನೆಟ್, ನೀಲಿ ಬಣ್ಣ ಒಂದೇ ಒಂದು ಜೀನಿನಿಂದ ಬರುತ್ತದೆ, ಅದು ಪ್ರಬಲ ಜೀನು ಅಂತ ತೋರಿಸಿದರು. 2013ರಲ್ಲಿ ಕಾರಣವೂ ಸಿಕ್ಕಿತು. ಎಂದೋ ಒಂದು ರೆಟ್ರೋವೈರಸ್ಸಿನ ತುಣುಕು ಕೋಳಿಯ 1ನೇ ಕ್ರೋಮೋಸೋಮಿಗೆ ಸೇರಿಕೊಂಡು ಉಳಿದದ್ದೇ ಈ ನೀಲಿಯ ಮೂಲ. ಚೀನಾದ ಕೆಲವು ನಾಟಿ ಕೋಳಿಗಳಲ್ಲೂ ನೀಲಿ ಮೊಟ್ಟೆ ಇದೆ. ಅಲ್ಲಿ ಇದೇ ತುಣುಕು ಬೇರೆಯಾಗಿಯೇ, ಸ್ವಲ್ಪ ಬೇರೆ ಜಾಗದಲ್ಲಿ ಸೇರಿಕೊಂಡಿದೆ.

ನೀಲಿ ಮೊಟ್ಟೆಯಲ್ಲಿ ಕೊಲೆಸ್ಟ್ರಾಲ್ ಕಡಿಮೆ ಅನ್ನುವ ಮಾತು ಸುಳ್ಳು. ಬಣ್ಣ ಇರುವುದು ಚಿಪ್ಪಿನಲ್ಲಿ. ಒಳಗಿನದ್ದು ಕೋಳಿ ಏನು ತಿಂದಿದೆ ಅನ್ನುವುದರ ಮೇಲೆ ಹೋಗುತ್ತದೆ.

ಜೋಡಿ ನೀಲಿ, ಒಂಟಿ ನೀಲಿ

ಪ್ರತಿ ಕೋಳಿಯಲ್ಲೂ ಈ ಜೀನಿಗೆ ಎರಡು ಜಾಗ, ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಎರಡರಲ್ಲೂ ನೀಲಿ ಇದ್ದರೆ ನಾನು ಜೋಡಿ ನೀಲಿ ಅನ್ನುತ್ತೇನೆ. ಒಂದರಲ್ಲಿ ಮಾತ್ರ ಇದ್ದರೆ ಒಂಟಿ ನೀಲಿ. ಪ್ರಬಲ ಜೀನಾದ್ದರಿಂದ ಒಂಟಿ ನೀಲಿ ಹೇಂಟೆ ಕೂಡ ಬಣ್ಣದ (ಅಂದರೆ ನೀಲಿ ಅಥವಾ ಹಸಿರು) ಮೊಟ್ಟೆಯನ್ನೇ ಇಡುತ್ತದೆ. ಬಣ್ಣ ತುಸು ತೆಳು ಇರಬಹುದು, ಆದರೆ ಬರೀ ಕಣ್ಣಿಗೆ ಖಚಿತವಾಗಿ ಹೇಳಲು ಬರುವುದಿಲ್ಲ.

ಜೋಡಿ ನೀಲಿ ಹುಂಜವನ್ನು ಯಾವ ಹೇಂಟೆಗೆ ಬಿಟ್ಟರೂ ಹೆಣ್ಣುಮರಿಗಳೆಲ್ಲ ಬಣ್ಣದ ಮೊಟ್ಟೆ ಇಡುತ್ತವೆ. ಒಂಟಿ ನೀಲಿ ಹುಂಜವನ್ನು ಒಂಟಿ ನೀಲಿ ಹೇಂಟೆಗೆ ಬಿಟ್ಟರೆ ನಾಲ್ಕರಲ್ಲಿ ಒಂದು ಪಾಲು ಮರಿಗೆ ನೀಲಿ ಇರುವುದೇ ಇಲ್ಲ. ಊರ ಹೇಂಟೆಗೆ ಬಿಟ್ಟರೆ ಅರ್ಧಕ್ಕರ್ಧ ಹೋಯಿತು. ತಳಿ ಕರಗುವುದು ಹೀಗೆ. ಅದೂ ಮೊದಲ ವರ್ಷ ಗೊತ್ತೇ ಆಗುವುದಿಲ್ಲ, ಮರಿಗಳು ದೊಡ್ಡವಾಗಿ ಮೊಟ್ಟೆ ಇಟ್ಟಾಗಲೇ ತಿಳಿಯುವುದು.

ಯಾವ ತಳಿ ತರಬೇಕು

ಅಸಲಿ ಅರಾಕಾನಾ ನೋಡಲು ಚಂದ. ಅಮೆರಿಕದ ಮಾದರಿಯಲ್ಲಿ ಬಾಲವೇ ಇರುವುದಿಲ್ಲ, ಕಿವಿಯ ಹತ್ತಿರ ಗರಿಯ ಗೊಂಚಲು ಇರುತ್ತದೆ. ಆದರೆ ಆ ಗೊಂಚಲಿನ ಜೀನು ಎರಡೂ ಕಡೆಯಿಂದ ಬಂದರೆ ಮರಿ ಮೊಟ್ಟೆಯೊಳಗೇ ಸಾಯುತ್ತದೆ. ಗೊಂಚಲಿರುವ ಎರಡನ್ನು ಜೋಡಿ ಮಾಡಿದರೆ ಕಾಲು ಪಾಲು ಮರಿ ಅಲ್ಲೇ ನಷ್ಟ. ಬಾಲವಿಲ್ಲದ ಕೋಳಿಗಳಲ್ಲಿ ಫಲ ಕಟ್ಟುವುದೂ ಕಡಿಮೆ. ಹೊಸಬರಿಗೆ ನಾನಂತೂ ಇದನ್ನು ಹೇಳುವುದಿಲ್ಲ.

ಅದರಿಂದಲೇ ಅಮೆರಿಕದಲ್ಲಿ ಕಟ್ಟಿದ ಅಮೆರಾಕಾನಾ ಒಳ್ಳೆಯದು. ಬಾಲ ಇದೆ, ಕೆನ್ನೆ ತುಂಬ ಗಡ್ಡ ಇದೆ, ಸಾಯಿಸುವ ಜೀನಿನ ತೊಂದರೆ ಇಲ್ಲ. ಅಲ್ಲಿನ ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ 1984ರಲ್ಲಿ ಇದನ್ನು ತಳಿ ಅಂತ ಒಪ್ಪಿತು. ಬೆಳೆದ ಹುಂಜ ಸುಮಾರು 3 ಕೆ.ಜಿ., ಹೇಂಟೆ ಎರಡೂವರೆ ಕೆ.ಜಿ. ತೂಗುತ್ತದೆ. ಗುರುತು ಹಿಡಿಯಲು ನಾಲ್ಕು ನೋಡಿ: ಬಟಾಣಿ ಜುಟ್ಟು, ಅಂದರೆ ತಲೆಗೆ ಅಂಟಿದ ಹಾಗೆ ಮೂರು ಸಾಲಿನ ಗಿಡ್ಡ ಜುಟ್ಟು, ಗಡ್ಡ, ಸ್ಲೇಟಿನ ಬಣ್ಣದ ಕಾಲು, ಬಿಳಿ ಚರ್ಮ. ಕಾಲು ಹಳದಿ ಇದ್ದರೆ ಅದು ಬೆರಕೆ.

ನಮ್ಮಲ್ಲಿ ಫ್ಯಾನ್ಸಿ ಕೋಳಿಯವರ ಬಳಿ ಅಮೆರಾಕಾನಾ ಅಂತ ಹೆಸರು ಹೇಳಿ ಮಾರುವುದರಲ್ಲಿ ಬೆರಕೆಯೇ ಜಾಸ್ತಿ. ಇಂಥ ಬೆರಕೆಗೆ ಈಸ್ಟರ್ ಎಗ್ಗರ್ ಅನ್ನುತ್ತಾರೆ. ನೀಲಿ, ಹಸಿರು, ಕಂದು, ಯಾವುದು ಬೇಕಾದರೂ ಇಡಬಹುದು. ಮನೆಗೆ ಮೊಟ್ಟೆ ಸಾಕು ಅನ್ನುವವರಿಗೆ ಅದರಲ್ಲಿ ತಪ್ಪೇನಿಲ್ಲ, ತಳಿ ಕಟ್ಟುವವರಿಗೆ ಮಾತ್ರ ಅದು ತಲೆನೋವು. ಇನ್ನೊಂದು ಗೊಂದಲ: "ಬ್ಲೂ" ಅಂತ ಮಾರುವ ಕೋಳಿಯ ಗರಿ ಬೂದು ನೀಲಿ ಅಂತ ಅರ್ಥ. ಗರಿಯ ಬಣ್ಣಕ್ಕೂ ಮೊಟ್ಟೆಯ ಬಣ್ಣಕ್ಕೂ ಸಂಬಂಧವೇ ಇಲ್ಲ.

ಮೂರನೆಯದು ಕ್ರೀಮ್ ಲೆಗ್‌ಬಾರ್, ಕೇಂಬ್ರಿಜ್‌ನಲ್ಲೇ ಕಟ್ಟಿದ ತಳಿ. ಮರಿ ಹೊರಬಂದ ದಿನವೇ ಬೆನ್ನಿನ ಗೆರೆ ನೋಡಿ ಗಂಡು, ಹೆಣ್ಣು ಹೇಳಬಹುದು. ಸಿಕ್ಕಿದರೆ ಬಿಡಬೇಡಿ. ಆದರೆ ಇದರ ಜುಟ್ಟು ಒಂಟಿ ಗರಗಸದ ಹಾಗೆ ನೆಟ್ಟಗೆ ಇರುತ್ತದೆ, ಹಾಗಾಗಿ ಮುಂದೆ ಹೇಳುವ ಜುಟ್ಟಿನ ಗುರುತು ಇದಕ್ಕೆ ನಡೆಯುವುದಿಲ್ಲ.

ಕೋಳಿಗಿಂತ ಕಾವಿನ ಮೊಟ್ಟೆ ತರಿಸುವುದು ಕ್ಷೇಮ, ರೋಗ ಹೊತ್ತು ತರುವ ಭಯ ಕಡಿಮೆ. ಕೊಳ್ಳುವ ಮೊದಲು ಒಂದು ಮೊಟ್ಟೆ ಒಡೆದು ಒಳಚಿಪ್ಪಿನ ಫೋಟೋ ಕಳಿಸಲು ಹೇಳಿ. ಅಪ್ಪ ಹುಂಜದ ತಲೆ ಮತ್ತು ಕಾಲಿನ ಫೋಟೋ ಕೂಡ. ಕೊಡಲು ಹಿಂದೇಟು ಹಾಕಿದರೆ ಬಿಟ್ಟುಬಿಡಿ. ಘಾಟಿ ಇಳಿದು ಬಸ್ಸಿನಲ್ಲಿ ಕುಲುಕಿಕೊಂಡು ಬಂದ ಮೊಟ್ಟೆಯನ್ನು ಚೂಪು ತುದಿ ಕೆಳಗೆ ಮಾಡಿ ಒಂದು ದಿನ ಅಲ್ಲಾಡಿಸದೆ ಇಡಬೇಕು, ಆಮೇಲೆ ಕಾವಿಗೆ. ಅರ್ಧ ಮರಿಯಾದರೆ ಗೆದ್ದ ಹಾಗೆ. ಬೇರೆ ಬೇರೆ ಇಬ್ಬರಿಂದ ತರಿಸಿದರೆ ರಕ್ತಸಂಬಂಧದ ಸಮಸ್ಯೆ ಮುಂದೆ ಕಡಿಮೆಯಾಗುತ್ತದೆ.

ಗೂಡು

ವರ್ಷಕ್ಕೆ 3500 ಮಿ.ಮೀ. ಮೀರಿ ಮಳೆ ಬೀಳುವ ಊರು ನಮ್ಮದು. ಮಳೆ ನೆಟ್ಟಗೆ ಬಿದ್ದರೆ ಅಡ್ಡಿಯಿಲ್ಲ, ಪಡುವಣ ಗಾಳಿಗೆ ಓರೆಯಾಗಿ ಒಳಗೆ ಬಡಿಯುತ್ತದಲ್ವಾ, ಅದೇ ತೊಂದರೆ. ಮುರಕಲ್ಲಿನ ಎರಡು ವರಸೆ ಕಟ್ಟಿ ಅದರ ಮೇಲೆ ಬಲೆ ಎಬ್ಬಿಸಿ. ಮಾಡು ಗೋಡೆಯಿಂದ ಮೂರು ಅಡಿ ಹೊರಗೆ ಚಾಚಿರಲಿ. ಗೂಡಿನ ಉದ್ದ ಪೂರ್ವ ಪಶ್ಚಿಮಕ್ಕೆ ಇರಲಿ, ಪಡುವಣ ತುದಿಯ ಗೋಡೆಯನ್ನು ಮಾಡಿನವರೆಗೂ ಎಬ್ಬಿಸಿದರೆ ಮಳೆಯೂ ಸಂಜೆ ಬಿಸಿಲೂ ಒಟ್ಟಿಗೇ ತಪ್ಪುತ್ತವೆ. ಒಂದು ಕೋಳಿಗೆ ಒಳಗೆ ಮೂರು ಚದರ ಅಡಿ, ಹೊರಗಿನ ಬಲೆಯಲ್ಲಿ ಹತ್ತು ಚದರ ಅಡಿ ಲೆಕ್ಕ ಹಿಡಿಯಿರಿ.

ಬಲೆ ಅರ್ಧ ಇಂಚಿನ ವೆಲ್ಡ್ ಮೆಶ್ ಆಗಬೇಕು. ಒಂದು ಇಂಚಿನ ಬಲೆಯಲ್ಲಿ ಸಣ್ಣ ಹಾವು, ಮುಂಗುಸಿ ಮರಿ, ಹೆಗ್ಗಣದ ಮರಿ ಎಲ್ಲ ನುಗ್ಗುತ್ತವೆ. ತೋಟದ ಬದಿಯ ಮನೆಗಳಿಗೆ ಹೆಬ್ಬಾವು ಹೊಸತಲ್ಲ. ಒಳಗೆ ಬಂದು ಒಂದನ್ನು ನುಂಗಿದ ಮೇಲೆ ಅದಕ್ಕೆ ಅದೇ ಕಿಂಡಿಯಲ್ಲಿ ವಾಪಸ್ ಹೋಗಲೂ ಆಗುವುದಿಲ್ಲ. ಹೊಡೆಯಬೇಡಿ, ಅರಣ್ಯ ಇಲಾಖೆಗೆ ಫೋನು ಮಾಡಿ.

ನೆಲಕ್ಕೆ ಭತ್ತದ ಉಮಿ ಅಥವಾ ಮರದ ಹುಡಿ ನಾಲ್ಕು ಇಂಚು. ಜೋರು ಮಳೆಯ ಆಟಿ ತಿಂಗಳಲ್ಲಿ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ ನೋಡಿ. ಉಂಡೆಯಾಗಿ ಉಳಿದರೆ ಒದ್ದೆ ಜಾಸ್ತಿ, ಕೆದರಿ ಸುಣ್ಣದ ಹುಡಿ ಉದುರಿಸಿ ಮೇಲೆ ಹೊಸ ಉಮಿ ಹಾಕಬೇಕು. ಪುಡಿಯಾಗಿ ಬಿದ್ದರೆ ಸರಿ ಇದೆ. ಮೊಟ್ಟೆ ಇಡಲು ಒಂದು ಅಡಿ ಉದ್ದ, ಅಗಲ, ಎತ್ತರದ ಪೆಟ್ಟಿಗೆ, ನಾಲ್ಕೈದು ಹೇಂಟೆಗೆ ಒಂದು.

ನೀರಿಗೆ ತೆರೆದ ಬಟ್ಟಲು ಬೇಡ, ಕೊಕ್ಕಿನಿಂದ ಒತ್ತಿದರೆ ಹನಿ ಬರುವ ನಿಪ್ಪಲ್ ಹಾಕಿಸಿ. ಅಮೆರಾಕಾನಾಕ್ಕೆ ಗಡ್ಡ ಇದೆಯಲ್ಲ, ಕುಡಿಯುವಾಗಲೆಲ್ಲ ಅದ್ದಿ ಅದ್ದಿ ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಒದ್ದೆ ಗಡ್ಡದ ಅಡಿಯಲ್ಲಿ ಚರ್ಮ ಹುಣ್ಣಾಗುತ್ತದೆ. ಬಟಾಣಿ ಜುಟ್ಟು ಸಣ್ಣದಾದ್ದರಿಂದ ಮೈಯ ಬಿಸಿ ಹೊರಹಾಕುವುದಕ್ಕೂ ಇವಕ್ಕೆ ಕಷ್ಟ. ಏಪ್ರಿಲ್, ಮೇ ಸೆಕೆಯಲ್ಲಿ ಮಾಡಿನ ಮೇಲೆ ಮಡಲು ಹಾಸಿ, ಮಧ್ಯಾಹ್ನ ತಣ್ಣೀರು ಬದಲಿಸಿ ಕೊಡಿ.

ಕಾವಿಗೆ ಇಡುವುದು

ದೀಪಾವಳಿ ಕಳೆದ ಮೇಲೆ ಶಿವರಾತ್ರಿಯವರೆಗೆ ಮರಿ ಮಾಡಿಸಲು ಒಳ್ಳೆಯ ಕಾಲ. ಮಳೆಗಾಲದಲ್ಲಿ ಮರಿ ಹೊರಬರುತ್ತದೆ, ಸಾಕುವುದೇ ಕಷ್ಟ, ರಕ್ತಭೇದಿ ಬಿಡುವುದಿಲ್ಲ.

ಮೊಟ್ಟೆ ಕೂಡಿಸುವ ಮೂರು ವಾರ ಮೊದಲೇ ಹೇಂಟೆಗಳನ್ನು ಬೇರೆ ಮಾಡಿ ಬೇಕಾದ ಹುಂಜವನ್ನಷ್ಟೇ ಬಿಡಿ. ಒಮ್ಮೆ ಮೆಟ್ಟಿದ ಹುಂಜದ ಬೀಜ ಹೇಂಟೆಯೊಳಗೆ ಎರಡು ವಾರಕ್ಕೂ ಮೀರಿ ಉಳಿಯಬಲ್ಲದು. ನಮ್ಮ ಕಡೆ ಪಕ್ಕದ ಮನೆಯ ಊರ ಹುಂಜ ಕಂಪೌಂಡು ಹಾರಿ ಬರುವುದು ಮಾಮೂಲು. ಒಂದು ದಿನ ಬಂದು ಹೋದರೂ ಆ ಬ್ಯಾಚಿನ ಲೆಕ್ಕ ಕೆಟ್ಟಿತು, ಮತ್ತೆ ಮೂರು ವಾರ ಕಾಯಬೇಕು. ಒಂದು ಹುಂಜಕ್ಕೆ ಆರರಿಂದ ಎಂಟು ಹೇಂಟೆ ಸಾಕು.

ಮೊಟ್ಟೆ ಇಟ್ಟುಕೊಳ್ಳಲು 15ರಿಂದ 18 ಡಿಗ್ರಿ ಸೆಲ್ಸಿಯಸ್ ತಂಪು ಬೇಕು ಅಂತ ಪುಸ್ತಕದಲ್ಲಿರುತ್ತದೆ. ನಮ್ಮ ಮನೆಯೊಳಗೆ 28, 30 ಇರುತ್ತದೆ. ಅಷ್ಟು ಬಿಸಿಗೆ ಭ್ರೂಣ ಅರೆಬರೆ ಬೆಳೆಯಲು ಶುರುಮಾಡಿ ಸಾಯುತ್ತದೆ. ಹಾಗಾಗಿ ಇಲ್ಲಿ ನಾಲ್ಕೈದು ದಿನಕ್ಕಿಂತ ಜಾಸ್ತಿ ಕೂಡಿಸಬೇಡಿ. ಒದ್ದೆ ಮರಳಿನಲ್ಲಿ ಮಣ್ಣಿನ ಮಡಕೆ ಇಟ್ಟು ಅದರೊಳಗೆ ಮೊಟ್ಟೆ ಇಡುವ ಉಪಾಯ ಡಿಸೆಂಬರ್, ಜನವರಿಯ ಒಣ ಗಾಳಿಯಲ್ಲಿ ಚೆನ್ನಾಗಿ ನಡೆಯುತ್ತದೆ. ಜುಲೈಯಲ್ಲಿ ನೀರು ಆರುವುದೇ ಇಲ್ಲ, ತಂಪೂ ಆಗುವುದಿಲ್ಲ. ಹೊಸ ಹೇಂಟೆಯ ಮೊದಮೊದಲ ಪುಟ್ಟ ಮೊಟ್ಟೆ ಬೇಡ. 48 ಗ್ರಾಂ ದಾಟಿದ ಮೇಲೆ ಇಡಿ.

ಕಾವಿಗೆ ಊರ ಹೇಂಟೆಯಷ್ಟು ನಂಬಿಕಸ್ಥ ಯಂತ್ರ ಇನ್ನೂ ಬಂದಿಲ್ಲ. ಬುಟ್ಟಿಗೆ ಬೂದಿ, ಅದರ ಮೇಲೆ ಬೈಹುಲ್ಲು, ಹತ್ತು ಹನ್ನೆರಡು ಮೊಟ್ಟೆ. ಬೂದಿಗೆ ಹೇನು ಕಡಿಮೆಯಾಗುತ್ತದೆ. ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ ಹಿರಿಯರು ಒಂದು ಕಬ್ಬಿಣದ ತುಂಡನ್ನೂ ಇಡುತ್ತಾರೆ, ಇಟ್ಟರೆ ನಷ್ಟವೇನಿಲ್ಲ.

ಇನ್‌ಕ್ಯುಬೇಟರ್ ಆದರೆ, ಒಳಗೆ ಫ್ಯಾನ್ ಇರುವುದಕ್ಕೆ 37.5 ಡಿಗ್ರಿ, 21 ದಿನ. ಮೊದಲ 18 ದಿನ ತೇವಾಂಶ ಶೇ. 45ರಿಂದ 55, ಕೊನೆಯ ಮೂರು ದಿನ 65ರಿಂದ 70. 18ನೇ ದಿನದವರೆಗೆ ದಿನಕ್ಕೆ ಮೂರರಿಂದ ಐದು ಸಲ ತಿರುಗಿಸಬೇಕು, ಆಮೇಲೆ ಮುಟ್ಟಬಾರದು, ಮುಚ್ಚಳವನ್ನೂ ತೆರೆಯಬಾರದು.

ತೇವಾಂಶದ ವಿಷಯದಲ್ಲಿ ಕರಾವಳಿಯವರು ತಪ್ಪು ತಿಳಿಯುವುದು ಜಾಸ್ತಿ. "ನಮ್ಮಲ್ಲಿ ಹೇಗೂ ಹಸಿ ಗಾಳಿ, ಯಂತ್ರದೊಳಗೆ ನೀರು ಇಡುವುದು ಬೇಡ" ಅನ್ನುತ್ತಾರೆ. ಗಾಳಿ ಬಿಸಿಯಾದಾಗ ಅದರ ತೇವಾಂಶದ ಶೇಕಡಾ ಇಳಿಯುತ್ತದೆ. ಮಳೆಗಾಲದಲ್ಲಿ ಹೊರಗೆ 27 ಡಿಗ್ರಿ, ಶೇ. 90 ಇರುವ ಗಾಳಿ ಯಂತ್ರದೊಳಗೆ 37.5ಕ್ಕೆ ಕಾದಾಗ ಶೇ. 50ರ ಹತ್ತಿರ ಬರುತ್ತದೆ. ಆಗ ನಿಜಕ್ಕೂ ನೀರು ಬೇಡ. ಡಿಸೆಂಬರ್ ರಾತ್ರಿಯ 22 ಡಿಗ್ರಿ, ಶೇ. 70ರ ಗಾಳಿ ಅದೇ ಯಂತ್ರದೊಳಗೆ ಶೇ. 30ಕ್ಕೂ ಕೆಳಗೆ ಇಳಿಯುತ್ತದೆ. ಆಗ ನೀರು ಇಡಲೇಬೇಕು, ಇಲ್ಲದಿದ್ದರೆ ಮರಿ ಪೊರೆಗೆ ಅಂಟಿಕೊಂಡು ಹೊರಬರಲಾಗದೆ ಸಾಯುತ್ತದೆ.

ಅಗ್ಗದ ಮೀಟರನ್ನು ನಂಬುವುದಕ್ಕಿಂತ ಅಡುಗೆಮನೆಯ ಡಿಜಿಟಲ್ ತಕ್ಕಡಿ ವಾಸಿ. 18 ದಿನಕ್ಕೆ ಮೊಟ್ಟೆ ಸುಮಾರು ಶೇ. 12 ತೂಕ ಕಳೆದುಕೊಳ್ಳಬೇಕು. 50 ಗ್ರಾಂ ಇದ್ದದ್ದು 44ಕ್ಕೆ ಬರಬೇಕು. ಒಂಬತ್ತನೇ ದಿನ 47 ಇದ್ದರೆ ದಾರಿ ಸರಿ ಇದೆ. 48 ಇದ್ದರೆ ನೀರು ತೆಗೆಯಿರಿ, 46 ಇದ್ದರೆ ಸೇರಿಸಿ.

ಏಳನೇ ರಾತ್ರಿ ದೀಪ ಆರಿಸಿ ಮೊಬೈಲ್ ಟಾರ್ಚ್‌ಗೆ ಮೊಟ್ಟೆಯ ಅಗಲ ತುದಿ ಒತ್ತಿ ಹಿಡಿಯಿರಿ. ನೀಲಿ ಚಿಪ್ಪಿನಲ್ಲಿ ಬೆಳಕು ಹಸಿರಾಗಿ ಬರುತ್ತದೆ, ಹಾಗಾಗಿ ಬಿಳಿ ಮೊಟ್ಟೆಯಷ್ಟು ಸ್ಪಷ್ಟ ಇರುವುದಿಲ್ಲ. ನಿಧಾನ ತಿರುಗಿಸಿದರೆ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಕೆಂಪು ನೂಲಿನಂಥ ನರಗಳು ಕಾಣುತ್ತವೆ. ನರ ಇಲ್ಲದೆ ಒಂದೇ ಕೆಂಪು ಬಳೆ ಕಂಡರೆ ಭ್ರೂಣ ಸತ್ತಿದೆ. ಏನೂ ಇಲ್ಲದೆ ತಿಳಿಯಾಗಿದ್ದರೆ ಫಲ ಕಟ್ಟಿಲ್ಲ. ಎರಡನ್ನೂ ತೆಗೆಯಿರಿ. ಕರೆಂಟ್ ಹೋದರೆ ಗಾಬರಿ ಬೇಡ, ಯಂತ್ರದ ಮೇಲೆ ಕಂಬಳಿ ಹೊದಿಸಿ, ಒಂದೆರಡು ಗಂಟೆ ತಡೆಯುತ್ತವೆ.

ಮೊದಲ ಎಂಟು ವಾರ

ಮರಿಯ ಗರಿ ಪೂರ್ತಿ ಒಣಗಿದ ಮೇಲೆ ಬ್ರೂಡರಿಗೆ, ಅಂದರೆ ಬಲ್ಬಿನ ಬಿಸಿ ಇರುವ ಮರಿಗೂಡಿಗೆ. ಮೊದಲ ವಾರ 33ರಿಂದ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸಿ. ಫೆಬ್ರವರಿ, ಮಾರ್ಚಿನ ಹಗಲಿನಲ್ಲಿ ಬಲ್ಬೇ ಬೇಡ ಅನ್ನಿಸಬಹುದು. ಮರಿಗಳನ್ನೇ ನೋಡಿ: ಬಲ್ಬಿನ ಕೆಳಗೆ ಗುಂಪು ಕಟ್ಟಿದರೆ ಚಳಿ, ಮೂಲೆಗೆ ಹೋಗಿ ಬಾಯಿ ತೆರೆದರೆ ಸೆಕೆ. ಪೇಪರ್ ಹಾಸಬೇಡಿ, ಕಾಲು ಜಾರಿ ಅಗಲವಾಗುತ್ತವೆ. ಗೋಣಿ ಹಾಸಿ. ಮೊದಲೆರಡು ದಿನ ಅಡಿಕೆ ಹಾಳೆಯ ಮೇಲೆ ಆಹಾರ ಹರಡಿದರೆ ಬೇಗ ಕಲಿಯುತ್ತವೆ.

ಎಂಟು ವಾರದವರೆಗೆ ಶೇ. 20ರ ಪ್ರೋಟೀನಿನ ಚಿಕ್ ಸ್ಟಾರ್ಟರ್. ಹಿಕ್ಕೆಯಲ್ಲಿ ರಕ್ತ ಕಂಡರೆ ರಕ್ತಭೇದಿ, ತಡ ಮಾಡದೆ ಪಶುವೈದ್ಯರನ್ನು ಕೇಳಿ ಆಂಪ್ರೋಲಿಯಂ ಕೊಡಿ, ಉಮಿ ಬದಲಿಸಿ.

ಲಸಿಕೆ ಬಿಡಲೇಬಾರದು. ಕೊಕ್ಕರೆ ರೋಗ (ರಾಣಿಖೇತ್) ಒಂದು ಬಂದರೆ ಹಲವು ವರ್ಷದ ತಳಿ ಒಂದು ವಾರದಲ್ಲಿ ಹೋಗುತ್ತದೆ. 5ರಿಂದ 7ನೇ ದಿನ ಕೊಕ್ಕರೆ ರೋಗದ ಲಸಿಕೆ ಎಫ್-1 ಅಥವಾ ಲಸೋಟಾ ಕಣ್ಣಿಗೆ ಒಂದು ಹನಿ. 14ನೇ ದಿನ ಗಂಬೊರೊ ರೋಗದ ಲಸಿಕೆ. ನಾಲ್ಕನೇ ವಾರ ಮತ್ತೆ ಲಸೋಟಾ. ಆರರಿಂದ ಏಳನೇ ವಾರ ಸಿಡುಬಿನ ಲಸಿಕೆ. ಎಂಟನೇ ವಾರ ಆರ್2ಬಿ ಚುಚ್ಚುಮದ್ದು, ಇದೂ ಕೊಕ್ಕರೆ ರೋಗಕ್ಕೇ. ಬಾಟಲಿ ನೂರಾರು ಡೋಸಿನದ್ದೇ ಸಿಗುವುದು, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಅಕ್ಕಪಕ್ಕದ ಮನೆಯವರನ್ನೂ ಸೇರಿಸಿಕೊಂಡು ಒಂದೇ ದಿನ ಹಾಕಿಸಿದರೆ ಖರ್ಚೂ ಕಡಿಮೆ, ಪಕ್ಕದ ಮನೆಯಿಂದ ರೋಗ ಬರುವುದೂ ತಪ್ಪುತ್ತದೆ. ಐಸ್ ಇಟ್ಟ ಥರ್ಮಾಸ್ ಒಯ್ಯಲು ಮರೆಯಬೇಡಿ. ತರಬೇತಿ ಬೇಕಾದವರು ಮಂಗಳೂರಿನ ಕಂಕನಾಡಿ ಅಥವಾ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ದೊಡ್ಡವಕ್ಕೆ ಆಹಾರ

ಎಂಟು ವಾರದ ಮೇಲೆ ಗ್ರೋವರ್, ಮೊಟ್ಟೆ ಶುರುವಾದಾಗ ಲೇಯರ್ ಫೀಡ್. ಈ ತಳಿ ಆರೇಳು ತಿಂಗಳಿಗೆ ಮೊಟ್ಟೆಗೆ ಬರುತ್ತದೆ, ಅವಸರ ಬೇಡ. ಸುಣ್ಣದಂಶಕ್ಕೆ ಮರುವಾಯಿ ಚಿಪ್ಪು (ಕಪ್ಪೆಚಿಪ್ಪು) ನಮ್ಮಲ್ಲಿ ಧಾರಾಳ. ತೊಳೆದು, ಒಣಗಿಸಿ, ಕುಟ್ಟಿ ಗೆರಟೆಯಲ್ಲಿ ಬೇರೆಯೇ ಇಡಿ. ಆಹಾರಕ್ಕೆ ಬೆರೆಸಿದರೆ ಹುಂಜದ ಹೊಟ್ಟೆಗೂ ಹೋಗುತ್ತದೆ, ಅದಕ್ಕೆ ಅಷ್ಟು ಬೇಡ. ಒಣಮೀನು ಹಾಕುವವರು ಉಪ್ಪು ಹಾಕದ್ದನ್ನೇ ಆರಿಸಿ, ಅದೂ ಸ್ವಲ್ಪ. ಬೂತಾಯಿ ಹುಡಿ ಜಾಸ್ತಿಯಾದರೆ ಮೊಟ್ಟೆ ಮೀನು ನಾರುತ್ತದೆ.

ಮಳೆಗಾಲದಲ್ಲಿ ಎರಡು ವಾರಕ್ಕೆ ಬೇಕಾದಷ್ಟೇ ಫೀಡ್ ತನ್ನಿ. ಬೂಸ್ಟು ಹಿಡಿದ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ವಿಷ ಇರುತ್ತದೆ, ತೆಂಗಿನ ಹಿಂಡಿ ಮತ್ತು ಕಡಲೆ ಹಿಂಡಿಯಲ್ಲಿ ಜಾಸ್ತಿ. ಬಿಸಿಲಿಗೆ ಒಣಗಿಸಿದರೆ ಬೂಸ್ಟು ಹೋಗುತ್ತದೆ, ವಿಷ ಹೋಗುವುದಿಲ್ಲ. ಎಸೆಯಿರಿ.

ಹುಂಜದ ಆಯ್ಕೆ

ಮೊದಲು ಹೇಂಟೆ. ಪ್ರತಿಯೊಂದಕ್ಕೂ ಕಾಲಿಗೆ ನಂಬರಿನ ಉಂಗುರ ಹಾಕಿ. ಮೊಟ್ಟೆಗೆ ಬಂದ ಮೊದಲ ತಿಂಗಳಲ್ಲೇ ಬಣ್ಣ ಬರೆದಿಡಿ, ಏಕೆಂದರೆ ಇಡುತ್ತಾ ಇಡುತ್ತಾ ಬಣ್ಣ ತೆಳುವಾಗುತ್ತದೆ. ಪೇಂಟ್ ಅಂಗಡಿಯ ಶೇಡ್ ಕಾರ್ಡಿನಲ್ಲಿ ನಾಲ್ಕು ನೀಲಿ, ನಾಲ್ಕು ಹಸಿರು ಕತ್ತರಿಸಿ ಪುಸ್ತಕಕ್ಕೆ ಅಂಟಿಸಿಕೊಂಡರೆ ಹೋಲಿಸಲು ಸುಲಭ. ಬೆಳಗ್ಗೆ ಅಂಗಳದ ಬೆಳಕಿನಲ್ಲಿ ನೋಡಿ, ಟ್ಯೂಬ್‌ಲೈಟಿನಲ್ಲಿ ಎಲ್ಲವೂ ಒಂದೇ ಥರ. ಹಸಿರು ಛಾಯೆ ಇದ್ದರೆ ಆ ಹೇಂಟೆಯಲ್ಲಿ ಕಂದಿನ ಜೀನುಗಳಿವೆ, ಶುದ್ಧ ನೀಲಿ ಬೇಕಾದವರು ಅದರ ಮರಿ ಇಟ್ಟುಕೊಳ್ಳಬಾರದು. ತಾಯಿಯಾಗಲು ಎರಡನೇ ವರ್ಷದ ಹೇಂಟೆ ಒಳ್ಳೆಯದು. ಒಂದು ಮಳೆಗಾಲ ದಾಟಿದ್ದೇ ಅದರ ಅರ್ಹತೆ.

ಹುಂಜಕ್ಕೆ ಮೂರು ಜರಡಿ.

ಒಂದು, ತಾಯಿ. ಅತಿ ನೀಲಿ ಮೊಟ್ಟೆ ಇಟ್ಟ ಹೇಂಟೆಯ ಮಗನನ್ನೇ ಆರಿಸಿ. ಇದಕ್ಕಾಗಿ ಕಾವಿಗೆ ಇಡುವಾಗಲೇ ಮೊಟ್ಟೆಯ ಮೇಲೆ ತಾಯಿಯ ನಂಬರನ್ನು ಪೆನ್ಸಿಲ್‌ನಲ್ಲಿ ಬರೆದಿರಬೇಕು.

ಎರಡು, ಜುಟ್ಟು. ನೀಲಿಯ ಜೀನು ಮತ್ತು ಬಟಾಣಿ ಜುಟ್ಟಿನ ಜೀನು ಒಂದೇ ಕ್ರೋಮೋಸೋಮಿನಲ್ಲಿ ಹತ್ತಿರ ಹತ್ತಿರ ಇವೆ, ಬಹುತೇಕ ಒಟ್ಟಿಗೇ ಮರಿಗೆ ಹೋಗುತ್ತವೆ. ಅಮೆರಾಕಾನಾ ಮೂಲದ ಗುಂಪಿನಲ್ಲಿ ಒಂಟಿ ಜುಟ್ಟಿನ ಮರಿ ಹುಟ್ಟಿದರೆ ಅದರಲ್ಲಿ ನೀಲಿ ಇಲ್ಲದಿರುವ ಸಾಧ್ಯತೆಯೇ ಜಾಸ್ತಿ, ಅದರ ಅಪ್ಪ ಅಮ್ಮ ಇಬ್ಬರೂ ಅಪ್ಪಟ ಅಲ್ಲ ಅಂತಲೂ ಗೊತ್ತಾಯಿತು. ಆದರೆ ನಮ್ಮ ತುಳುನಾಡಿನಲ್ಲಿ ಒಂದು ಎಚ್ಚರಿಕೆ ಬೇಕು. ಅಸೀಲ್ ಕೋಳಿಗೂ ಬಟಾಣಿ ಜುಟ್ಟು ಇದೆ, ನೀಲಿ ಇಲ್ಲ. ಕೋರಿ ಕಟ್ಟದ (ಕೋಳಿ ಅಂಕದ) ಹುಂಜಗಳಲ್ಲಿ ಅಸೀಲ್ ರಕ್ತ ಬೆರೆತದ್ದು ಬೇಕಾದಷ್ಟು ಸಿಗುತ್ತದೆ. ಅಂಥ ಊರ ಕೋಳಿ ಬೆರೆತ ಗುಂಪಿನಲ್ಲಿ ಜುಟ್ಟು ನೋಡಿ ನಂಬಿದರೆ ಕೆಟ್ಟಿರಿ.

ಮೂರು, ಪರೀಕ್ಷೆಯ ಜೋಡಿ. ಇದೊಂದೇ ಗಟ್ಟಿ ಸಾಕ್ಷಿ. ಹುಂಜವನ್ನು ಕೆನೆ ಅಥವಾ ಬಿಳಿ ಮೊಟ್ಟೆ ಇಡುವ ಹೇಂಟೆಗಳ ಜೊತೆ ಬಿಟ್ಟು ಮರಿ ಮಾಡಿಸಿ, ಹೆಣ್ಣುಮರಿಗಳು ಮೊಟ್ಟೆ ಇಡುವವರೆಗೆ ಸಾಕಿ. ಒಂದೇ ಒಂದು ಮಗಳು ಬಣ್ಣವಿಲ್ಲದ ಮೊಟ್ಟೆ ಇಟ್ಟರೂ ಹುಂಜ ಒಂಟಿ ನೀಲಿ. ಏಳು ಹೆಣ್ಣುಮಕ್ಕಳೂ ಬಣ್ಣದ್ದೇ ಇಟ್ಟರೆ ಜೋಡಿ ನೀಲಿ ಅಂತ ಧೈರ್ಯವಾಗಿ ಹೇಳಬಹುದು. ಒಂಟಿ ನೀಲಿ ಹುಂಜಕ್ಕೆ ಏಳಕ್ಕೆ ಏಳೂ ಹಾಗೆ ಹುಟ್ಟುವುದು 128ರಲ್ಲಿ ಒಂದು ಸಲ. ಏಳೆಂಟು ತಿಂಗಳು ಕಾಯಬೇಕು, ನಿಜ. ಆದರೆ ಒಮ್ಮೆ ಸಾಬೀತಾದ ಹುಂಜ ಮೂರು ನಾಲ್ಕು ವರ್ಷ ಕೆಲಸಕ್ಕೆ ಬರುತ್ತದೆ. ಮತ್ತೆ ಆ ಹೆಣ್ಣುಮರಿಗಳೂ ವ್ಯರ್ಥವಲ್ಲ. ಊರ ಹೇಂಟೆಯ ಗಟ್ಟಿತನ, ತಿಳಿ ಹಸಿರು ಮೊಟ್ಟೆ, ಮನೆ ಬಳಕೆಗೆ ನನಗೆ ಅವೇ ಹೆಚ್ಚು ಇಷ್ಟ. ಅವನ್ನು ತಳಿಯ ಗೂಡಿಗೆ ಸೇರಿಸಬೇಡಿ, ಅಷ್ಟೆ.

ಮೂರು ಗೂಡು

ಅಣ್ಣ ತಂಗಿಯರನ್ನೇ ಜೋಡಿ ಮಾಡುತ್ತಾ ಹೋದರೆ ಫಲ ಕಟ್ಟುವುದು ಕಡಿಮೆಯಾಗಿ ಮರಿ ಸೊರಗುತ್ತವೆ. ಮೂರು ಗೂಡು ಮಾಡಿ: ತೆಂಕು, ಬಡಗು, ಮೂಡು ಅನ್ನಿ. ಹೆಣ್ಣುಮರಿಗಳು ಯಾವಾಗಲೂ ತಾಯಿಯ ಗೂಡಿನಲ್ಲೇ ಉಳಿಯಬೇಕು. ಹುಂಜ ಮರಿಗಳು ಮಾತ್ರ ಪಕ್ಕದ ಗೂಡಿಗೆ ಹೋಗಬೇಕು: ತೆಂಕಿನದ್ದು ಬಡಗಿಗೆ, ಬಡಗಿನದ್ದು ಮೂಡಿಗೆ, ಮೂಡಿನದ್ದು ತೆಂಕಿಗೆ. ಪ್ರತಿ ವರ್ಷ ಇದೇ ದಿಕ್ಕು, ಹಿಂದೆ ಮುಂದೆ ಮಾಡಬಾರದು. ಹೀಗೆ ಮಾಡಿದರೆ ಹೊರಗಿನ ರಕ್ತ ಇಲ್ಲದೆ ತುಂಬಾ ವರ್ಷ ತಳ್ಳಬಹುದು. ಜಾಗ ಇಲ್ಲದಿದ್ದರೆ ಮೂರು ಮನೆಯವರು ಸೇರಿ ಒಂದೊಂದು ಗೂಡು ಸಾಕಿದರೂ ನಡೆಯುತ್ತದೆ. ಒಂದು ಮನೆಗೆ ರೋಗ ಬಂದರೆ ಎಲ್ಲವೂ ಹೋಗುವುದಿಲ್ಲ ಅನ್ನುವುದು ಅದರ ಇನ್ನೊಂದು ಲಾಭ.

ಹುಟ್ಟಿದ ಮರಿಗಳಲ್ಲಿ ಅರ್ಧ ಗಂಡು. ಗೂಡಿಗೆ ಬೇಕಾದ್ದು ಒಂದೆರಡು, ಉಳಿದವನ್ನು ಐದಾರು ತಿಂಗಳಿಗೆ ಕೋರಿ ರೊಟ್ಟಿಗೆ ಇಳಿಸುವುದೇ ಲೆಕ್ಕಕ್ಕೆ ಸರಿ. ಕಟ್ಟಕ್ಕೆ ಕೇಳಿಕೊಂಡು ಬರುವವರಿಗೆ ಕೊಡಬೇಡಿ, ಈ ಜಾತಿಗೆ ಜಗಳದ ಬುದ್ಧಿಯೂ ಇಲ್ಲ. ತಳಿಗೆ ಅಂತ ಮಾರುವುದಾದರೆ ಪರೀಕ್ಷೆಯಾದ ಹುಂಜವನ್ನು ಹಾಗೆಂದು, ಆಗದ್ದನ್ನು ಆಗಿಲ್ಲವೆಂದು ಹೇಳಿ ಮಾರಿ. ತಿನ್ನುವ ಮೊಟ್ಟೆಯ ಟ್ರೇಯಲ್ಲಿ ಅರ್ಧ ಡಜನ್ ನೀಲಿಯ ನಡುವೆ ಎರಡು ಊರ ಕೋಳಿ ಮೊಟ್ಟೆ ಇಟ್ಟು ಕೊಡಿ, ಬಣ್ಣ ಎದ್ದು ಕಾಣುತ್ತದೆ, ಬೇಗ ಖರ್ಚಾಗುತ್ತದೆ.